ಶೆಡ್ಡಿಗೆ ಒಂದೇ ಕಾರು

ಹುಣಸೂರಿನ ನಸೀರ್ ಸಾಹೇಬರ ಮನೆಯಲ್ಲಿ ಊಟಕ್ಕೆ ಕೂರುವವರು ನಾಲ್ಕು ಜನ, ಕಾರು ಎರಡು. ಎರಡೂ ಜಪಾನಿ ಕಾರು, ಎರಡಕ್ಕೂ ಇಪ್ಪತ್ತು ವರ್ಷ, ಎರಡೂ ಓಡುವುದಕ್ಕೆಂದೇ ಹುಟ್ಟಿದವು. ಹೊಸ ಕಾರು ಕೊಳ್ಳುವ ತಾಕತ್ತಿಲ್ಲ, ಆದರೆ ಆಕ್ಸಿಲೇಟರ್ ತುಳಿದಾಗ ಬೆನ್ನು ಸೀಟಿಗೆ ಅಂಟಬೇಕು ಎನ್ನುವ ಜನ ಇಟ್ಟುಕೊಳ್ಳುವಂಥವು. ಬೆಳ್ಳಿ ಬಣ್ಣದ ಲ್ಯಾನ್ಸರ್ ಮಗ ವಕಾರನದು. ಮಾಸಿದ ಕೆಂಪು ಬಣ್ಣದ ಹೋಂಡಾ ಸಿಟಿ ವಿಟೆಕ್ ಸೊಸೆ ತಹಸೀನಳದು. ಆರು ವರ್ಷದ ಹಿಂದೆ ನಿಕಾಹ್ ಆದ ಮಾರನೇ ದಿನ ಅವಳು ಅಂತರಸಂತೆಯಿಂದ ಅದನ್ನು ತಾನೇ ಓಡಿಸಿಕೊಂಡು ಬಂದಿದ್ದಳು, ಪಕ್ಕದ ಸೀಟಿನಲ್ಲಿ ಮದುಮಗನನ್ನು ಕೂರಿಸಿಕೊಂಡು. ಅವಳ ಅಪ್ಪ ಕಾಕನಕೋಟೆಯ ಕಾಡಿನಲ್ಲಿ ಜೀಪು ಓಡಿಸಿ ನಿವೃತ್ತರಾದವರು. ಚಿನ್ನ ಕೊಡಲು ಅವರ ಹತ್ತಿರ ಇರಲಿಲ್ಲ. ನಿವೃತ್ತಿಯ ಮೇಲೆ ಕೆಲಸ ಮಾಡುತ್ತಿದ್ದ ಎಸ್ಟೇಟಿನ ಮಾಲೀಕರು ಬಿಟ್ಟುಹೋದ ಈ ಕಾರು ಇತ್ತು, ಅದನ್ನೇ ಕೊಟ್ಟರು.

ಆ ಮೊದಲ ದಿನವೇ ಒಂದು ಎಡವಟ್ಟಾಯಿತು. ಗಲ್ಲಿಯ ಬಾಯಲ್ಲಿ ಒಂದು ಹಂಪ್ ಇದೆ. ಯಾರದೋ ಮೇಕೆಗೆ ಬೈಕು ಗುದ್ದಿದ ಕೋಪದಲ್ಲಿ ಗಲ್ಲಿಯವರೇ ಸಿಮೆಂಟು ಸುರಿದು ಮಾಡಿದ್ದು, ಮೊಣಕಾಲೆತ್ತರ ಅಂದರೆ ಸ್ವಲ್ಪವೇ ಹೆಚ್ಚಾದೀತು. ವಿಟೆಕ್ ನೆಲಕ್ಕೆ ಅಂಟಿಕೊಂಡ ಹಾಗಿರುವ ಕಾರು. ಮೂವರಿಗಿಂತ ಹೆಚ್ಚು ಜನ ಕೂತರೆ ಹೊಟ್ಟೆ ಹಂಪಿಗೆ ಉಜ್ಜುತ್ತದೆ. ಹಿಂದಿನ ಸೀಟಿನಲ್ಲಿ ತನ್ನ ತಾಯಿಯ ಪಕ್ಕ ಕೂತಿದ್ದ ಮಾವನಿಗೆ ಮದುಮಗಳು ಮೆಲ್ಲಗೆ ಹೇಳಿದಳು, "ಮಾಮೂ, ಸ್ವಲ್ಪ ಇಳೀತೀರಾ?"

ಹೊಸ ಶೇರವಾನಿ ತೊಟ್ಟ ನಸೀರ್ ಸಾಹೇಬರು ಹುಚ್ಚಯ್ಯನ ಟೀ ಅಂಗಡಿಯ ಎದುರಿಗೇ ಇಳಿದು, ಹಂಪ್ ದಾಟಿ, ಮತ್ತೆ ಹತ್ತಬೇಕಾಯಿತು. ಟೀ ಅಂಗಡಿಯವರು ನಕ್ಕರು. "ಇಳಿದು ಹತ್ತೋ ಕಾರು" ಎಂದು ಅವತ್ತೇ ಹೆಸರಿಟ್ಟ ನಸೀರ್ ಸಾಹೇಬರು ಅದರಲ್ಲಿ ಇನ್ನು ಕೂರುವುದಿಲ್ಲ ಎಂದು ಆಣೆ ಮಾಡಿದರು. ಆರು ವರ್ಷದಲ್ಲಿ ಒಮ್ಮೆಯೂ ಕೂರಲಿಲ್ಲ. ಮನುಷ್ಯ ಹಟಕ್ಕೆ ಬಿದ್ದರೆ ಬಸ್ಸಿನಲ್ಲಿ ನಿಂತುಕೊಂಡೇ ಮೈಸೂರಿಗೆ ಹೋಗಿಬರಬಲ್ಲ, ಅದಕ್ಕೆ ಅವರೇ ಸಾಕ್ಷಿ.

ಈಗಿನ ರಗಳೆ ಶುರುವಾದದ್ದು ಬೇಸಿಗೆ ಮುಗಿಯುವ ಹೊತ್ತಿಗೆ. ಅವರ ತಮ್ಮ ಮುಜಫರ್ ಬಂದು, ಬೈಪಾಸಿನ ಶೆಡ್ಡಿನಲ್ಲಿ ತನ್ನ ಅರ್ಧ ಪಾಲು ಬಿಡಿಸಿಕೊಳ್ಳುತ್ತೇನೆ, ಬಕ್ರೀದ್ ಆದ ಮೇಲೆ ವೀಲ್ ಅಲೈನ್‌ಮೆಂಟ್ ಮೆಷಿನ್ ಕೂರಿಸುತ್ತೇನೆ ಎಂದ. ನ್ಯಾಯವಾದ ಮಾತೇ. ಉಳಿದರ್ಧದಲ್ಲಿ ನಸೀರ್ ಸಾಹೇಬರ ಟಿಂಕರಿಂಗ್, ಪೇಂಟಿಂಗ್ ನಡೆಯಬೇಕು, ವಕಾರನ ಮೆಕ್ಯಾನಿಕ್ ಕೆಲಸ ನಡೆಯಬೇಕು. ಮನೆಯ ಕಾರು ನಿಲ್ಲಿಸಲು ಉಳಿಯುವುದು ಒಂದೇ ಒಂದು ಜಾಗ.

ಆ ಸಂಜೆ ಮುದ್ದೆ, ಬೋಟಿ ಗೊಜ್ಜು. ನಸೀರ್ ಸಾಹೇಬರು ಮುದ್ದೆ ಮುರಿಯುತ್ತಲೇ ತೀರ್ಪು ಕೊಟ್ಟರು.

"ತಹಸೀನ್ ಗಾಡಿ ಕೊಟ್ಟುಬಿಡೋಣ. ವಕಾರನ ದೋಸ್ತ್ ಶಶಿಗೆ ಗೊತ್ತಿರೋ ಒಬ್ಬ ಗಿರಾಕಿ ಇದ್ದಾನೆ, ಕುಟ್ಟ ಕಡೆಯೋನು."

ಗೊಜ್ಜಿನ ಸೌಟು ಹಿಡಿದಿದ್ದ ತಹಸೀನ್ ಅಲ್ಲೇ ನಿಂತಳು. "ಅವನು ಓಡಿಸೋಕೆ ತಗೋತಾನಾ?"

"ಇಂಜಿನ್ ಬೇಕಂತೆ. ಬೇರೆ ಗಾಡಿಗೆ ಹಾಕ್ಕೋತಾನೆ."

"ಮಿಕ್ಕಿದ್ದು?"

"ಮಿಕ್ಕಿದ್ದು ಗುಜರಿ. ಇನ್ನೇನು, ಷೋಕೇಸಲ್ಲಿ ಇಡ್ತಾರಾ?"

ಆ ಮನೆಯಲ್ಲಿ ಒಂದು ಪದ್ಧತಿ. ಮಾತು ಉರ್ದುವಿನಲ್ಲಿ ಶುರುವಾಗುತ್ತದೆ, ಜಗಳ ಬಲಿತಾಗ ಕನ್ನಡಕ್ಕೆ ಇಳಿಯುತ್ತದೆ. ತಹಸೀನ್ ಸೌಟು ಪಾತ್ರೆಗೆ ಹಾಕಿ ಕನ್ನಡದಲ್ಲೇ ಕೇಳಿದಳು. "ಯಾಕೆ ನನ್ನದೇ ಹೋಗಬೇಕು ಮಾಮೂ? ಲ್ಯಾನ್ಸರ್ ಯಾಕಾಗಬಾರ್ದು?"

"ಲ್ಯಾನ್ಸರ್ ಗಂಡಸರ ಗಾಡಿ ಕಣಮ್ಮ. ನಾಲ್ಕು ಜನ ಕೂತ್ರೂ ಹಂಪಲ್ಲಿ ಯಾರೂ ಇಳಿಯೋ ಹಾಗಿಲ್ಲ. ಪಿರಿಯಾಪಟ್ಟಣದ ರೋಡಲ್ಲಿ ಹೋದ್ರೆ ಗುಂಡಿ ಬಂದಿದ್ದೇ ಗೊತ್ತಾಗಲ್ಲ."

"ಗುಂಡಿ ಗೊತ್ತಾಗಲ್ಲ, ವೇಗಾನೂ ಗೊತ್ತಾಗಲ್ಲ. ಮುಂದೆ ಲಾರಿ ಸಿಕ್ಕಿದ್ರೆ ಅದಕ್ಕೆ ಮೂರನೇ ಗೇರ್ ಹಾಕಿ ದುವಾ ಮಾಡ್ಬೇಕು. ನನ್ನದಕ್ಕೆ ಕಾಲಿಟ್ರೆ ಸಾಕು."

ವಕಾರ್‌ಗೆ ನಗು ಬಂತು, ಅಪ್ಪನ ಮುಖ ನೋಡಿ ನುಂಗಿಕೊಂಡ. ಗಂಡ ಹೆಂಡತಿಗೆ ಈ ವಾದ ಮದುವೆಯಾದ ದಿನದಿಂದ ಇದೆ. ಪೆಟ್ರೋಲ್ ಯಾವುದು ಕಮ್ಮಿ ಕುಡಿಯುತ್ತದೆ, ಕ್ಲಚ್ ಪ್ಲೇಟು ಯಾವುದಕ್ಕೆ ಬೇಗ ಸಿಗುತ್ತದೆ, ತಿರುವಿನಲ್ಲಿ ಯಾವುದು ಮಾತು ಕೇಳುತ್ತದೆ ಎಂದು ಚಪಾತಿ ಲಟ್ಟಿಸುತ್ತ, ಬಟ್ಟೆ ಒಣಗಿಸುತ್ತ ವಾದಿಸಿ ನಗುತ್ತಿದ್ದರು. ಇವತ್ತು ಮಾತ್ರ ಅದು ಆಟವಾಗಿರಲಿಲ್ಲ. "ನೀವು ಏನಾದ್ರೂ ಹೇಳ್ರೀ" ಎಂದಳು ತಹಸೀನ್.

"ಅಬ್ಬಾ ಹೇಳ್ತಿದಾರಲ್ಲ..." ಎಂದ ವಕಾರ್, ಗೊಜ್ಜಿನಲ್ಲಿ ಬೆರಳಾಡಿಸುತ್ತ. ಒಳ್ಳೆಯ ಹುಡುಗ. ಒಳ್ಳೆಯ ಹುಡುಗರಿಂದಲೇ ಹೆಂಗಸರಿಗೆ ಹೆಚ್ಚು ಕಷ್ಟ.

ಮೂಲೆಯಲ್ಲಿ ಕುರ್ಚಿಯ ಮೇಲೆ ಕೂತು ಉಣ್ಣುತ್ತಿದ್ದ ನಸೀರ್ ಸಾಹೇಬರ ತಾಯಿ ಜಾನ್ ಬೀ ಈಗ ಬಾಯಿ ಹಾಕಿದಳು. ಎಪ್ಪತ್ತೆಂಟು ವರ್ಷ, ಒಂದು ಕಿವಿ ಮಂದ, ಬೇಕಾದಾಗ ಎರಡೂ ಚುರುಕು. "ಎರಡು ಗಾಡಿದೂ ಎಫ್‌ಸಿ ಬಂದಿದೆ ಅಂತಿದ್ದೆಯಲ್ಲೋ ನಸೀರ್?"

"ಬಂದಿದೆ ಅಮ್ಮಾ. ಐದು ವರ್ಷ ಆಯ್ತಲ್ಲ, ಬಕ್ರೀದ್ ಆದ್ಮೇಲೆ ಗಾಡಿ ಓಡೋಕೆ ಲಾಯಕ್ಕು ಅಂತ ಆರ್‌ಟಿಓಗೆ ತೋರಿಸ್ಬೇಕು."

"ಎರಡೂ ತಗೊಂಡೋಗಿ ತೋರಿಸು. ಅವತ್ತು ಯಾವುದು ಪಾಸಾಗುತ್ತೋ ಅದು ಶೆಡ್ಡಲ್ಲಿ ಇರ್ಲಿ. ಆಗದೇ ಇರೋದು ಹೋಗ್ಲಿ."

ನಸೀರ್ ಸಾಹೇಬರು ಲೆಕ್ಕ ಹಾಕಿದರು. ವಿಟೆಕ್ ಟಾಪಿನ ಬಣ್ಣ ಬಿಸಿಲಿಗೆ ಸುಲಿದು ಹೋಗಿದೆ, ಸೈಲೆನ್ಸರ್ ಗೊರ ಗೊರ ಅನ್ನುತ್ತದೆ, ಒಂದು ಹೆಡ್‌ಲೈಟು ಮಂಕು. ತಾನು ಕೈ ಹಾಕದಿದ್ದರೆ ಅದು ಪಾಸಾಗುವ ಗಾಡಿಯಲ್ಲ. "ಆಯ್ತು" ಎಂದರು. "ಅಲ್ಲಾಹ್ ಸಾಕ್ಷಿ. ಪಾಸಾದದ್ದು ಇರುತ್ತೆ."

"ಕೇಳಿಸ್ಕೊಂಡ್ರಲ್ಲ ದಾದಿ?" ಎಂದಳು ತಹಸೀನ್, ಅಜ್ಜಿಯ ಕಡೆ ತಿರುಗಿ.

"ಈ ಕಿವಿಗೆ ಕೇಳಿಸ್ತು" ಎಂದು ಜಾನ್ ಬೀ ಬಲಗಿವಿ ಮುಟ್ಟಿ ತೋರಿಸಿದಳು.

ಮಾರನೇ ದಿನ ಬೆಳಿಗ್ಗೆ ತಹಸೀನ್ ಎಂದಿನಂತೆ ನಾಷ್ಟಾ ಮುಗಿಸಿ ಶೆಡ್ಡಿಗೆ ಹೊರಟಳು. ಅಲ್ಲಿ ಅವಳಿಗೊಂದು ಕೆಲಸವಿತ್ತು. ಕೆಲಸ ಅಂತ ಅದನ್ನು ಯಾರೂ ಕರೆಯುತ್ತಿರಲಿಲ್ಲ, 'ಪೇಪರ್ ಅಂಟಿಸೋದು' ಅನ್ನುತ್ತಿದ್ದರು ಅಷ್ಟೆ. ಕಾರಿಗೆ ಬಣ್ಣ ಹೊಡೆಯುವ ಮೊದಲು ಬಣ್ಣ ಬೀಳಬಾರದ ಜಾಗಗಳಿಗೆಲ್ಲ, ಗಾಜು, ರಬ್ಬರು, ದೀಪ, ಹಿಡಿ ಎಲ್ಲಕ್ಕೂ ಟೇಪು ಹಚ್ಚಿ ಹಳೆಯ ದಿನಪತ್ರಿಕೆ ಮುಚ್ಚಬೇಕು. ಒಂದು ಕಡೆ ಅಂಚು ಎದ್ದರೂ ಗಿರಾಕಿ ಉಗಿಯುತ್ತಾನೆ. ತಹಸೀನ್ ಆರು ವರ್ಷದಿಂದ ಇದನ್ನು ಮಾಡುತ್ತ, ಮುಚ್ಚುವ ಮೊದಲು ಹಳೆಯ ಸುದ್ದಿಯನ್ನೆಲ್ಲ ಓದಿ ಮುಗಿಸುತ್ತಿದ್ದಳು. ಅವಳದೊಂದು ನೇಮವಿತ್ತು. ಬಾನೆಟ್ ಎತ್ತಿದರೆ ಇಂಜಿನ್ ಹಿಂದಿನ ತಗಡಿನ ಗೋಡೆಯಲ್ಲಿ ಕೊರೆದ ಚಾಸಿ ನಂಬರ್ ಇರುತ್ತದಲ್ಲ, ಎಲ್ಲಕ್ಕಿಂತ ಮೊದಲು ಅದಕ್ಕೆ ಟೇಪು. ಆಮೇಲೆ ಗಾಜು, ಆಮೇಲೆ ಮಿಕ್ಕಿದ್ದು.

ಅವತ್ತು ಒಳಗೆ ಲ್ಯಾನ್ಸರ್ ನಿಂತಿತ್ತು. ನಸೀರ್ ಸಾಹೇಬರು ಅದರ ಬಣ್ಣ ಕೆರೆಯಲು ಶುರು ಮಾಡಿದ್ದರು. ತಹಸೀನ್ ಅಭ್ಯಾಸಬಲದಿಂದ ಟೇಪಿನ ಸುರುಳಿಗೆ ಕೈ ಹಾಕಿದಳು.

"ಬಿಡು ಅದನ್ನ" ಎಂದರು ಅವರು. "ನನ್ನ ಮಗನ ಗಾಡಿಗೆ ನೀನು ಪೇಪರ್ ಅಂಟಿಸೋದು ಬೇಡ."

"ಯಾಕೆ? ನಾನು ಹಾಳು ಮಾಡ್ತೀನಿ ಅಂತಾನಾ?"

"ನಿನ್ನ ಮನಸ್ಸಲ್ಲಿ ಏನಿದೆ ಅಂತ ನಂಗೇನು ಗೊತ್ತು?"

ಈ ಮಾತು ಅವಳಿಗೆ ಚುಚ್ಚಿತು. ಆರು ವರ್ಷ ಥಿನ್ನರ್ ವಾಸನೆ ಕುಡಿದು, ಬಿಸಿಲಲ್ಲಿ ಬೆಂದ ತಗಡಿಗೆ ಬೆರಳು ಸುಟ್ಟುಕೊಂಡು ಮಾಡಿದ್ದಕ್ಕೆ ಸಿಕ್ಕ ಬಹುಮಾನ ಇದು. ಟೇಪಿನ ಸುರುಳಿಯನ್ನು ಲ್ಯಾನ್ಸರಿನ ಬಾನೆಟ್ ಮೇಲೆ ಇಟ್ಟು, "ಸರಿ ಮಾಮೂ. ಇವತ್ತಿಂದ ಗಿರಾಕಿಗಳ ಗಾಡಿದೂ ನೀವೇ ಅಂಟಿಸ್ಕೊಳ್ಳಿ" ಎಂದು ಹಿಂದಿರುಗಿ ನೋಡದೆ ನಡೆದಳು.

ಭಾನುವಾರ ಎರಡು ಕಾರೂ ಅಂತರಸಂತೆಗೆ ಹೋದವು. ಅವಳ ಅಪ್ಪನಿಗೆ ಮಂಡಿ ನೋವು, ನೋಡಿಕೊಂಡು ಬರಬೇಕಿತ್ತು. ತಹಸೀನ್ ತನ್ನ ಕಾರಿನಲ್ಲೇ ಹೋಗುತ್ತೇನೆ ಎಂದಳು. ಸೊಸೆ ಒಬ್ಬಳೇ ಹೋದಳು ಎನ್ನುವ ಮಾತು ಬರಬಾರದೆಂದು ವಕಾರ್ ಇನ್ನೂ ಅರ್ಧ ಕೆರೆದ ಲ್ಯಾನ್ಸರ್ ತೆಗೆದ. ಹೆಂಡತಿಯ ಪಕ್ಕ ಕೂತು ಹೋಗಬಹುದಿತ್ತು. ಆದರೆ ಆ ವಾರ ಪಕ್ಕ ಕೂರುವ ಸ್ಥಿತಿ ಇರಲಿಲ್ಲ.

ಎಚ್.ಡಿ. ಕೋಟೆಯವರೆಗೆ ಹಂಪುಗಳದೇ ಕಾರುಬಾರು. ಊರಿಗೆರಡು, ಶಾಲೆಗೆರಡು, ಎಂಎಲ್‌ಎ ಬೆಂಬಲಿಗರ ಮನೆ ಮುಂದೆ ಒಂದು. ತಹಸೀನ್ ಪ್ರತಿಯೊಂದಕ್ಕೂ ಓರೆಯಾಗಿ ಹತ್ತಿಸಿ ಇಳಿಸುವಷ್ಟರಲ್ಲಿ ಲ್ಯಾನ್ಸರ್ ದಡ್ ದಡ್ ಎಂದು ಹಾರಿ ಮುಂದೆ ಹೋಯಿತು, ವಕಾರ್ ಕಿಟಕಿಯಿಂದ ಕೈ ಬೀಸಿದ. ಕೋಟೆ ದಾಟಿ ಒಳ್ಳೆಯ ಡಾಂಬರು ಸಿಕ್ಕಿತು. ಅವಳು ಮೂರನೇ ಗೇರಿಗೆ ಇಳಿಸಿ ತುಳಿದಳು. ಇಂಜಿನ್ನಿನ ಸುತ್ತು ಅಳೆಯುವ ಮುಳ್ಳು ಐದು ಸಾವಿರ ದಾಟುತ್ತಲೇ ಆ ಇಂಜಿನ್ನಿನ ದನಿ ಬದಲಾಗುತ್ತದೆ, ಗೊರ ಗೊರ ಹೋಗಿ ಒಂದೇ ಎಳೆಯ ಕೂಗಾಗುತ್ತದೆ. ಲ್ಯಾನ್ಸರನ್ನು ಹಿಂದೆ ಹಾಕುವಾಗ ಅವಳು ಕೈ ಬೀಸಲಿಲ್ಲ. ನೇರ ರಸ್ತೆ ನೋಡುತ್ತಿದ್ದಳು, ಕಣ್ಣು ತುಂಬಿತ್ತು. ಇದನ್ನು ಬಿಚ್ಚಿ ಇಂಜಿನ್ ಕಿತ್ತು, ಮಿಕ್ಕಿದ್ದನ್ನು ಕತ್ತರಿಸುತ್ತಾರೆ. ಹೇಗೆ ಕತ್ತರಿಸುತ್ತಾರೋ ನೋಡೇಬಿಡುತ್ತೇನೆ ಎಂದು ಗಟ್ಟಿಯಾಗಿ ಹೇಳಿಕೊಂಡಳು.

ಅಪ್ಪ ಮನೆ ಮುಂದೆ ಚಾಪೆ ಹಾಕಿ ಕೂತಿದ್ದರು. ಕಾರಿನ ಸದ್ದು ಕೇಳಿಯೇ ರೋಗ ಹಿಡಿದರು. "ಸೈಲೆನ್ಸರ್ ಹಿಂದಿನ ಡಬ್ಬ ಒಡೆದಿದೆ. ಬಲಗಡೆ ಮುಂದಿನ ಚಕ್ರದ ಬುಶ್ ಹೋಗಿದೆ. ಎಫ್‌ಸಿ ಅಂತೀಯಾ, ಮೊದಲು ಇವೆರಡು ಮಾಡಿಸು."

"ಮಾಡಿಸೋದು ಯಾರ ಹತ್ರ ಅಬ್ಬಾ? ಅಲ್ಲಿ ಯಾರೂ ಮುಟ್ಟಲ್ಲ."

"ನಿನಗೆ ಕೈ ಇಲ್ವಾ? ಹತ್ತು ವರ್ಷದೋಳಿದ್ದಾಗ ಜೀಪಿನ ಕೆಳಗೆ ಮಲಗಿ ಸ್ಪ್ಯಾನರ್ ಕೊಡ್ತಿದ್ದೋಳು ನೀನು."

ಊಟಕ್ಕೆ ಕೂತಾಗ ಅವರು ಅಳಿಯನ ಕಡೆ ತಿರುಗಿದರು. "ನೀವು ಮೆಕ್ಯಾನಿಕ್ ಅಲ್ವಾ, ನೀವೇ ಹೇಳಿ. ಯಾವ ಗಾಡಿ ಒಳ್ಳೇದು?"

ವಕಾರ್ ಅನ್ನ ಕಲಸುತ್ತ ಯೋಚಿಸಿದ. "ಕೆಟ್ಟ ರೋಡಿಗೆ ನಂದು. ಒಳ್ಳೆ ರೋಡಿಗೆ ಅವಳದ್ದು."

"ಅದನ್ನ ನಿಮ್ಮಪ್ಪನ ಎದುರಿಗೆ ಹೇಳಿ" ಎಂದಳು ತಹಸೀನ್. ವಕಾರ್ ಇನ್ನೊಂದು ಸೌಟು ಸಾರು ಹಾಕಿಸಿಕೊಂಡ.

ಬಕ್ರೀದಿಗೆ ಮೂರು ವಾರವಿತ್ತು. ಶೆಡ್ಡಿನೊಳಗೆ ನಸೀರ್ ಸಾಹೇಬರು ಲ್ಯಾನ್ಸರಿಗೆ ಮದುವೆ ಮಾಡುತ್ತಿದ್ದರು. ಇದ್ದ ಬಣ್ಣವನ್ನೆಲ್ಲ ಕೆರೆದು, ಪುಟ್ಟಿ ಹಚ್ಚಿ, ನೀರಲ್ಲಿ ನೆನೆಸಿದ ಮರಳುಕಾಗದದಲ್ಲಿ ಉಜ್ಜಿ, ಬೆರಳು ಸವರಿ, ಮತ್ತೆ ಪುಟ್ಟಿ ಹಚ್ಚಿದರು. ತಗಡಿನ ಮೇಲೆ ಎಲ್ಲಾದರೂ ಒಂದು ಉಬ್ಬು, ಒಂದು ತಗ್ಗು ಸಿಕ್ಕಿದರೆ ಅವರಿಗೆ ಊಟ ಸೇರುವುದಿಲ್ಲ. ಆ ಕೈಗೆ ಇಡೀ ತಾಲ್ಲೂಕಿನಲ್ಲಿ ಹೆಸರಿದೆ, ಅದರಲ್ಲಿ ಸುಳ್ಳಿಲ್ಲ. ಬಾನೆಟ್ ಒಳಗಡೆ ಯಾರು ನೋಡುತ್ತಾರೆ ಎಂದು ಬೇರೆಯವರಾದರೆ ಬಿಟ್ಟುಬಿಡುತ್ತಿದ್ದರು. ಮಗನ ಕಾರಿಗೆ ಅದನ್ನೂ ಬಿಡಲಿಲ್ಲ.

ಇತ್ತ ಮನೆಯ ಅಂಗಳದಲ್ಲಿ ತಹಸೀನ್ ಅನ್ನ ಬೇಯಲಿಟ್ಟು ಕಾರಿನ ಕೆಳಗೆ ತೂರುತ್ತಿದ್ದಳು. ಸೈಲೆನ್ಸರ್ ಡಬ್ಬವನ್ನು ಬೆಸುಗೆ ಹಾಕಿಸಿ ತಂದಳು, ಬುಶ್ ತಾನೇ ಕೂರಿಸಿದಳು, ಹೆಡ್‌ಲೈಟಿನ ಗಾಜನ್ನು ಹಲ್ಲುಜ್ಜುವ ಪೇಸ್ಟಿನಲ್ಲಿ ತಿಕ್ಕಿ ಬೆಳಗಿಸಿದಳು. ಜಾನ್ ಬೀ ಪಕ್ಕದಲ್ಲಿ ಸ್ಟೂಲು ಹಾಕಿ ಕೂತು ಸ್ಪ್ಯಾನರುಗಳನ್ನು ಮಡಿಲಲ್ಲಿ ಇಟ್ಟುಕೊಂಡಿರುತ್ತಿದ್ದಳು.

"ಹದಿನಾಲ್ಕು ಕೊಡಿ ದಾದಿ."

"ನಂಬರ್ ಕಾಣಿಸಲ್ಲ ಕಣೇ. ದೊಡ್ಡದಾ ಚಿಕ್ಕದಾ ಹೇಳು."

"ಮಧ್ಯದ್ದು."

ಒಂದು ದಿನ ಅನ್ನ ಸೀದಿತು. ನಸೀರ್ ಸಾಹೇಬರು ತಟ್ಟೆ ಸರಿಸಿ, "ಈ ಮನೇಲಿ ಗ್ರೀಸ್ ತಿನ್ನೋದೊಂದು ಬಾಕಿ" ಎಂದರು.

"ನಿಮ್ಮ ಉಗುರಲ್ಲಿ ಪುಟ್ಟಿ ಇದೆ ಮಾಮೂ, ನಾನೇನಾದ್ರೂ ಅಂದ್ನಾ?"

"ನನ್ನ ಕಸುಬು ಅದು."

"ನಂದೂ ಅದೇ ಆಗಿತ್ತು, ಮೂರು ವಾರದ ಹಿಂದಿನ ತನಕ." ಎಷ್ಟು ಬೇಡವೆಂದರೂ ನಾಲಿಗೆ ತಡೆಯದೆ ಕೇಳಿದಳು. "ನಂಬರಿಗೆ ಟೇಪ್ ಹಾಕಿದ್ರಾ?"

ಅದನ್ನು ಅವರು ಚುಚ್ಚುಮಾತು ಎಂದುಕೊಂಡರು. "ನಲವತ್ತು ವರ್ಷ ಆಯ್ತು ನಾನು ಪೇಂಟ್ ಗನ್ ಹಿಡಿದು! ನೀನು ಹುಟ್ಟಿರಲಿಲ್ಲ! ನಂಗೆ ಪಾಠ ಹೇಳ್ತೀಯಾ?"

"ಕೇಳಿದೆ ಅಷ್ಟೆ" ಎಂದು ಅವಳು ತಟ್ಟೆ ಎತ್ತಿದಳು. ಅವಳ ಮಟ್ಟಿಗೆ ಹೇಳಬೇಕಾದದ್ದು ಹೇಳಿ ಮುಗಿದಿತ್ತು.

ಎಫ್‌ಸಿ ದಿನ ಆರ್‌ಟಿಓ ಮೈದಾನದಲ್ಲಿ ದೊಡ್ಡ ಸಾಲು. ಮುಂದೆ ಒಂದು ಶಾಲಾ ವ್ಯಾನು, ಹಿಂದೆ ಟ್ರ್ಯಾಕ್ಟರ್ ತಂದಿದ್ದ ಕೆ.ಆರ್. ನಗರ ಕಡೆಯ ಅಳಿಯನ ಜೊತೆ ಬಂದಿದ್ದ ಕರಿಯಯ್ಯ ಎಂಬ ಮುದುಕ. ಅವನು ಲ್ಯಾನ್ಸರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. "ಏನ್ ಸಾಹೇಬ್ರೇ, ಇದ್ರಾಗೆ ಮುಖ ನೋಡ್ಕಂಡು ಕ್ಷೌರ ಮಾಡ್ಕಬೌದು ಕಣ್ರೀ! ಒಸಾ ಗಾಡಿಯಾ?"

"ಇಪ್ಪತ್ತು ವರ್ಷದ್ದು" ಎಂದು ನಸೀರ್ ಸಾಹೇಬರು ಎದೆ ಉಬ್ಬಿಸಿದರು.

"ಅಂಗಾರೆ ಇದು?" ಎಂದು ಕರಿಯಯ್ಯ ವಿಟೆಕ್ ಕಡೆ ಕೈ ತೋರಿಸಿದ. "ಇದ್ರ ಅಜ್ಜಿಯಾ?"

"ಅಜ್ಜಿ ಇಲ್ಲಿದ್ದೀನಿ" ಎಂದಳು ಕಾರಿನೊಳಗಿಂದ ಜಾನ್ ಬೀ. ಮನೆಯಲ್ಲಿ ಕೂರು ಎಂದರೆ ಕೇಳದೆ ಬಂದಿದ್ದಳು. ಎರಡೂ ಕಡೆಯ ಮಾತಿಗೆ ಸಾಕ್ಷಿ ತಾನು ಎನ್ನುವುದು ಅವಳ ವಾದ.

ಮೊದಲು ವಿಟೆಕ್. ಇನ್ಸ್‌ಪೆಕ್ಟರ್ ಗಂಭೀರ ಮನುಷ್ಯ, ಬೇಡದ ಮಾತಿಲ್ಲ. ದೀಪ ಹಾಕಿಸಿದರು, ಹಾರನ್ ಒತ್ತಿಸಿದರು, ಬ್ರೇಕು ಹಿಡಿಸಿದರು, ಹೊಗೆ ಸರ್ಟಿಫಿಕೇಟು ನೋಡಿದರು. ಸುಲಿದ ಟಾಪಿನ ಕಡೆ ನೋಡಿ ತುಟಿ ಒತ್ತಿದರು.

"ಪೇಂಟ್ ಮಾಡಿಸ್ಬೇಕಮ್ಮ."

"ಮಾಡಿಸ್ತೀನಿ ಸರ್."

"ತುಕ್ಕು ಇಲ್ವಲ್ಲ, ಸರಿ. ಚಾಸಿ ನಂಬರ್ ಪ್ರಿಂಟ್ ಕೊಡಿ."

ಅವಳು ಬಾನೆಟ್ ಎತ್ತಿದಳು. ಸೀಮೆಎಣ್ಣೆ ಬಟ್ಟೆಯಿಂದ ನಂಬರಿನ ಜಾಗ ಒರೆಸಿ, ಬಿಳಿ ಕಾಗದ ಒತ್ತಿ ಹಿಡಿದು, ಮೇಲೆ ಪೆನ್ಸಿಲ್ ಉಜ್ಜಿದಳು. ಕಪ್ಪಿನೊಳಗಿಂದ ಒಂದೊಂದೇ ಅಕ್ಷರ, ಒಂದೊಂದೇ ಅಂಕಿ ಎದ್ದು ಬಂತು. ಇನ್ಸ್‌ಪೆಕ್ಟರ್ ಆರ್‌ಸಿಗೆ ತಾಳೆ ನೋಡಿ ಸಹಿ ಹಾಕಿದರು.

ಆಮೇಲೆ ಲ್ಯಾನ್ಸರ್. ದೀಪ, ಹಾರನ್, ಬ್ರೇಕು ಎಲ್ಲ ಸರಿ. "ಪೇಂಟ್ ಯಾರ್ರೀ ಮಾಡಿದ್ದು? ಚೆನ್ನಾಗಿದೆ" ಎಂದರು ಇನ್ಸ್‌ಪೆಕ್ಟರ್. ನಸೀರ್ ಸಾಹೇಬರು ಗಡ್ಡ ಸವರಿಕೊಂಡು, "ನಮ್ಮದೇ ಕೈ ಸರ್" ಎಂದರು. "ಪ್ರಿಂಟ್ ಕೊಡಿ" ಎಂದರು ಇನ್ಸ್‌ಪೆಕ್ಟರ್.

ವಕಾರ್ ಬಾನೆಟ್ ಎತ್ತಿ, ಕಾಗದ ಹಿಡಿದು ಬಗ್ಗಿದವನು ಹಾಗೇ ನಿಂತ. ನಸೀರ್ ಸಾಹೇಬರು ಬಂದು ಬಗ್ಗಿದರು. ಇಂಜಿನ್ ಹಿಂದಿನ ಗೋಡೆ ಈ ತುದಿಯಿಂದ ಆ ತುದಿಯವರೆಗೆ ಹೊಸ ಸ್ಟೀಲ್ ತಟ್ಟೆಯಂತೆ ನುಣ್ಣಗಿತ್ತು. ಒಂದು ಉಬ್ಬಿಲ್ಲ, ಒಂದು ತಗ್ಗಿಲ್ಲ, ನಂಬರೂ ಇಲ್ಲ. ಅವರ ಬೆರಳು ಆ ಜಾಗವನ್ನು ಒಮ್ಮೆ ಸವರಿತು, ಇನ್ನೊಮ್ಮೆ ಸವರಿತು. ಕೈಗೆ ಒರಟು ಸಿಕ್ಕಿದ್ದನ್ನೆಲ್ಲ ಮುಚ್ಚುತ್ತ ಹೋಗಿ ಅದನ್ನೂ ಪುಟ್ಟಿಯಲ್ಲಿ ಮುಚ್ಚಿಬಿಟ್ಟಿದ್ದರು.

"ನಂಬರ್ ಎಲ್ರೀ?"

"ಒಳಗಿದೆ ಸರ್... ಪೇಂಟ್ ಕೆಳಗೆ..."

"ಕೆಳಗಿರೋದು ನಂಗೆ ಹೇಗ್ರೀ ಗೊತ್ತಾಗ್ಬೇಕು? ನಂಬರ್ ಇಲ್ಲದ ಗಾಡಿಗೆ ನಾನು ಸಹಿ ಹಾಕೋಕಾಗಲ್ಲ. ಬಿಡಿಸ್ಕೊಂಡು ಮತ್ತೆ ಬನ್ನಿ."

"ಕ್ಷೌರ ವಸಿ ಜಾಸ್ತಿ ಆಯ್ತು ಅಂತ ಕಾಣ್ತದೆ ಬುಡಿ" ಎಂದ ಕರಿಯಯ್ಯ. ನಸೀರ್ ಸಾಹೇಬರು ಯಾರ ಮುಖವನ್ನೂ ನೋಡದೆ ಹೋಗಿ ಲ್ಯಾನ್ಸರಿನಲ್ಲಿ ಕೂತರು. ತಹಸೀನ್ ನಗಲಿಲ್ಲ. ಮಾವ ಹೋಗಿ ಕೂತ ರೀತಿ ಕಂಡು ಅವಳಿಗೆ ನಿಜಕ್ಕೂ ಸಂಕಟವಾಯಿತು. ಸಂಕಟವಾಯಿತೆಂದು ಕಾರು ಬಿಟ್ಟುಕೊಡುವವಳು ಮಾತ್ರ ಅವಳಲ್ಲ.

ಮೂರನೇ ದಿನ ಬೆಳಿಗ್ಗೆ ವಕಾರನ ಸ್ನೇಹಿತ ಶಶಿ ಶೆಡ್ಡಿಗೆ ಬಂದ, ಕುಟ್ಟದ ಗಿರಾಕಿಯನ್ನು ಜೀಪಿನಲ್ಲಿ ಕೂರಿಸಿಕೊಂಡು. ನಸೀರ್ ಸಾಹೇಬರೇ ಫೋನು ಮಾಡಿ ಕರೆಸಿದ್ದರು. ವಿಟೆಕ್ ಒಳಗಿನ ಜಾಗದಲ್ಲಿ ನಿಂತಿತ್ತು. ಪಾಸಾದ ಮಧ್ಯಾಹ್ನವೇ ತಹಸೀನ್ ತಂದು ನಿಲ್ಲಿಸಿದ್ದಳು.

ಸುದ್ದಿ ಮನೆಗೆ ಮುಟ್ಟಿತು. ಗಿರಾಕಿ ಬಾನೆಟ್ ತಟ್ಟುತ್ತಿದ್ದಾಗ ತಹಸೀನ್ ಬಂದಳು. ಬಂದವಳೇ ಕಾರಿನ ಬಾಗಿಲು ತೆಗೆದು ಡ್ರೈವರ್ ಸೀಟಿನಲ್ಲಿ ಕೂತು, ಗಾಜು ಇಳಿಸಿದಳು.

"ಏನ್ ಶಶಿ, ಯಾರಿವರು?"

"ಅಕ್ಕಾ, ಸಾಹೇಬ್ರು ಬಾ ಅಂದ್ರು, ಅದ್ಕೇ ಬಂದೆ ಕಣಕ್ಕ. ನಂದೇನಿಲ್ಲ."

"ಈ ಗಾಡಿ ಮಾರೋಕಿಲ್ಲ. ಟೀ ಕುಡಿದು ಹೋಗಿ."

"ತಹಸೀನ್!" ಎಂದರು ನಸೀರ್ ಸಾಹೇಬರು. "ಹೊರಗಿನವರ ಮುಂದೆ ಇದೇನಿದು? ಲ್ಯಾನ್ಸರ್ ಮುಂದಿನ ವಾರ ಪಾಸಾಗುತ್ತೆ. ಅದರಲ್ಲಿ ಏನೂ ತಪ್ಪಿಲ್ಲ."

"ಅವತ್ತು ಯಾವುದು ಪಾಸಾಗುತ್ತೋ ಅದು ಇರುತ್ತೆ ಅಂದ್ರಿ. ಅಲ್ಲಾಹ್ ಸಾಕ್ಷಿ ಅಂದ್ರಿ."

"ಅದು ಗಾಡಿ ತಪ್ಪಲ್ಲಮ್ಮಾ! ಒಂದು ಗೇಣು ಟೇಪಿನ ತಪ್ಪು!"

"ಹೌದು ಮಾಮೂ. ಒಂದು ಗೇಣು ಟೇಪು." ಅವಳ ದನಿ ಏರಲಿಲ್ಲ, ಆದರೆ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದವರೆಲ್ಲ ನಿಂತರು. "ಆ ಟೇಪು ಹಾಕ್ತಿದ್ದೋಳು ನಾನು. ಆರು ವರ್ಷ, ಎಷ್ಟು ಗಾಡಿ ಬಂದು ಹೋದ್ವು ಹೇಳಿ? ಒಂದು ನಂಬರ್ ಮುಚ್ಚಿದ್ದೀನಾ? ಒಬ್ಬ ಗಿರಾಕಿ ಬಂದು ಬೈದಿದ್ದಾನಾ? ನಿಮ್ಮ ಕೈ ಅಂತ ಊರೆಲ್ಲ ಹೊಗಳ್ತು, ನಾನು ಖುಷಿಪಟ್ಟೆ. ಪೇಪರ್ ಅಂಟಿಸೋಳು ಅಂತ ನೀವು ಒಂದು ದಿನ ಹೆಸರು ಹಿಡಿದು ಹೇಳಿಲ್ಲ, ಅದನ್ನೂ ನುಂಗಿದೆ. ನನ್ನ ಮನಸ್ಸಲ್ಲಿ ಕೆಟ್ಟದ್ದಿದೆ ಅಂದ್ರಿ ನೋಡಿ, ಅದನ್ನ ನುಂಗಲ್ಲ. ಗಾಡಿ ಇಲ್ಲಿಂದ ಹೋಗಲ್ಲ. ಇಂಜಿನ್ ಬೇಕಾದ್ರೆ ನಾನು ಕೂತಿರೋ ಹಾಗೇ ಬಿಚ್ಚಲಿ."

ಗಿರಾಕಿ ಕೈ ಹಿಂದಕ್ಕೆ ತೆಗೆದುಕೊಂಡ. ನಸೀರ್ ಸಾಹೇಬರು ಮಗನ ಕಡೆ ನೋಡಿದರು. ಯಾವಾಗಲೂ ಹಾಗೆ ನೋಡಿದರೆ ಸಾಕಾಗುತ್ತಿತ್ತು. ವಕಾರ್ ಕೈಯಲ್ಲಿದ್ದ ಎಣ್ಣೆಬಟ್ಟೆಯನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. ಆಮೇಲೆ ಬಣ್ಣದ ಕೆಲಸದ ಜಾಗದಲ್ಲಿ ನಿಂತಿದ್ದ ಲ್ಯಾನ್ಸರಿನ ಹತ್ತಿರ ಹೋಗಿ ಅದನ್ನು ಸ್ಟಾರ್ಟ್ ಮಾಡಿ, ಹಿಂದಕ್ಕೆ ತೆಗೆದು, ಹೊರಗೆ ಹೊಂಗೆ ಮರದ ಕೆಳಗೆ ನಿಲ್ಲಿಸಿದ.

"ಲೇ, ಹಕ್ಕಿ ಹೇತು ಹೊಸ ಬಣ್ಣ ಹಾಳಾಗುತ್ತಲ್ಲೋ!" ಎಂದರು ಅಪ್ಪ.

"ತೊಳೀತೀನಿ ಅಬ್ಬಾ" ಎಂದ ವಕಾರ್. "ಮಾತು ಕೊಟ್ಟಿದ್ವಿ. ನನ್ನ ಗಾಡಿ ಇಲ್ಲಿರ್ಲಿ, ಇಲ್ಲಾ ಹೋಗ್ಲಿ. ಅವಳದು ಅಲ್ಲೇ ಇರುತ್ತೆ."

"ನಾನ್ ಯೋಳಿರ್ಲಿಲ್ವಾ, ಈ ಮನೆ ಯವಾರ ಬ್ಯಾಡ ಅಂತ? ನಡೀಲಾ" ಎಂದು ಶಶಿ ಗಿರಾಕಿಯನ್ನು ಎಳೆದುಕೊಂಡು ಹೊರಟ. ಟೀಗೂ ನಿಲ್ಲಲಿಲ್ಲ.

ಮಾರನೇ ದಿನ ಮಧ್ಯಾಹ್ನ ನಸೀರ್ ಸಾಹೇಬರು ಲ್ಯಾನ್ಸರಿನ ಬಾನೆಟ್ ಎತ್ತಿ, ಪಟ್ಟಿಯಂಥ ಬ್ಲೇಡು ಹಿಡಿದು ಮರದ ಕೆಳಗೆ ನಿಂತಿದ್ದರು. ಎಷ್ಟು ಹೊತ್ತಾದರೂ ಕೈ ಇಳಿಯಲಿಲ್ಲ. ತಾವೇ ಉಜ್ಜಿ ನುಣ್ಣಗೆ ಮಾಡಿದ್ದನ್ನು ತಾವೇ ಗೀರುವುದು ಆ ಕೈಗೆ ಆಗದ ಕೆಲಸ. ವಕಾರ್ ಮಾಡುತ್ತೇನೆ ಎಂದರೆ ಬೈದು ಕಳಿಸಿದರು. ಕೊನೆಗೆ ಮನೆಯ ಬಾಗಿಲಿಗೆ ಬಂದು, ಹೊಸಿಲಿನ ಆಚೆಯೇ ನಿಂತು ಕರೆದರು. "ತಹಸೀನ್... ಸ್ವಲ್ಪ ಬಾಮ್ಮ."

"ಅನ್ನ ಇಳಿಸಿ ಬತ್ತೀನಿ" ಎಂದಳು ಒಳಗಿಂದ.

ಅನ್ನ ಇಳಿಸಿದಳು, ಗಂಜಿ ಬಸಿದಳು, ಸಾರಿಗೆ ಒಗ್ಗರಣೆ ಹಾಕಿದಳು, ಕೈ ತೊಳೆದಳು. ಅವರು ಕಾದರು. ಬಂದವಳು ಬ್ಲೇಡು ಮುಟ್ಟಲಿಲ್ಲ. ಬಟ್ಟೆಗೆ ಬಣ್ಣ ಬಿಡಿಸುವ ಎಣ್ಣೆ ಅದ್ದಿ, ನಂಬರಿನ ಜಾಗಕ್ಕೆ ಅಳತೆ ಹಿಡಿದಂತೆ ಒತ್ತಿ, ಕಾದು, ಸವರಿದಳು. ಸುತ್ತಲಿನ ಬಣ್ಣ ಒಂದು ಕೂದಲೆಳೆಯಷ್ಟೂ ಕೆಡಲಿಲ್ಲ. ಕಾಲು ಗಂಟೆಯಲ್ಲಿ ಅಂಕಿಗಳು ಕಂಡವು.

"ಜಾಗ ಹೇಗೆ ಗೊತ್ತಾಯ್ತು, ಇಷ್ಟು ಸರಿಯಾಗಿ?"

"ಐದು ವರ್ಷದ ಹಿಂದೆ ಇದಕ್ಕೆ ಟೇಪ್ ಹಾಕಿದ್ದೂ ನಾನೇ." ಬಟ್ಟೆ ಹಿಂಡಿ ಬಕೆಟ್ಟಿಗೆ ಹಾಕಿದಳು. "ನಾಳೆಯಿಂದ ಶೆಡ್ಡಿಗೆ ಬತ್ತೀನಿ ಮಾಮೂ. ಬೆಳಿಗ್ಗೆ ನಾಷ್ಟಾ ನಿಮ್ಮ ಮಗ ಮಾಡ್ತಾರೆ. ಕೇಳಿದ್ದೀನಿ, ಒಪ್ಪಿದ್ದಾರೆ."

"ಅವನಿಗೆ ರೊಟ್ಟಿ ಮಾಡೋಕೆ ಬರುತ್ತಾ?"

"ಇಲ್ಲ."

ನಸೀರ್ ಸಾಹೇಬರು ಬಾನೆಟ್ ಮುಚ್ಚಿದರು. "ನಿನ್ನ ಗಾಡಿ ಟಾಪಿಗೆ ಬಣ್ಣ ಹೊಡೆದುಕೊಡ್ತೀನಿ" ಎಂದರು.

"ಈಗ ಬೇಡ. ಹೀಗೇ ಪಾಸಾಗಿದೆ, ಸ್ವಲ್ಪ ದಿನ ಹೀಗೇ ಓಡಾಡ್ಲಿ. ಊರೋರು ನೋಡ್ಲಿ."

ಲ್ಯಾನ್ಸರಿಗೆ ಮತ್ತೆ ತೋರಿಸುವ ತಾರೀಖು ಸಿಕ್ಕಿದ್ದು ಹದಿನೈದು ದಿನದ ಮೇಲೆ. ಅಷ್ಟರಲ್ಲಿ ಕೆ.ಆರ್. ನಗರದ ಆಚೆ ಹೊಸ ಅಗ್ರಹಾರದಲ್ಲಿ ಜಾನ್ ಬೀಯ ತಂಗಿಯ ಮೊಮ್ಮಗಳ ನಿಕಾಹ್ ಬಂತು. ಎಫ್‌ಸಿ ಇಲ್ಲದ ಕಾರು ರಸ್ತೆಗೆ ಇಳಿಯುವಂತಿಲ್ಲ. ಭಾನುವಾರ ಬೆಳಿಗ್ಗೆ ತಹಸೀನ್ ವಿಟೆಕ್ ತೆಗೆದು ಮನೆಯ ಮುಂದೆ ನಿಲ್ಲಿಸಿದಳು. ವಕಾರ್ ಮಾಡಿದ ಒರಟು ರೊಟ್ಟಿ ತಿಂದು ಎಲ್ಲರೂ ಸಿದ್ಧವಾಗಿದ್ದರು. ಜಾನ್ ಬೀ ಮುಂದಿನ ಸೀಟಿನಲ್ಲಿ ಮೊದಲೇ ಹೋಗಿ ಕೂತಿದ್ದಳು.

ಶೇರವಾನಿ ತೊಟ್ಟ ನಸೀರ್ ಸಾಹೇಬರು ಬಾಗಿಲಲ್ಲಿ ನಿಂತು, "ಬಸ್ಸು ಎಷ್ಟೊತ್ತಿಗೆ?" ಎಂದರು.

"ಹೋಗೋ ನಸೀರ್, ನಿಂತ್ಕೊಂಡು ಹೋಗು" ಎಂದಳು ತಾಯಿ. "ಅಮ್ಮ ಸೊಸೆ ಗಾಡಿಯಲ್ಲಿ, ಮಗ ಬಸ್ಸಲ್ಲಿ. ಮದುವೆ ಮನೆಯೋರು ಕೇಳಿದ್ರೆ ಎಲ್ಲ ಕಥೆ ಹೇಳ್ತೀನಿ, ನಂಬರ್ ಕಥೆನೂ."

ಅವರು ಬಂದು ಹಿಂದಿನ ಸೀಟಿನಲ್ಲಿ, ಮಗನ ಪಕ್ಕ, ಮಂಡಿ ಮಡಿಸಿಕೊಂಡು ಕೂತರು. ಕಾರು ಗಲ್ಲಿಯಲ್ಲಿ ಮೆಲ್ಲಗೆ ಹೊರಟಿತು. ಹುಚ್ಚಯ್ಯನ ಟೀ ಅಂಗಡಿ ಬಂತು, ಬೆಂಚಿನ ಮೇಲೆ ಎಂದಿನ ಜನ. ಹಂಪ್ ಬಂತು. ತಹಸೀನ್ ಬ್ರೇಕು ಹಿಡಿದು ನಿಲ್ಲಿಸಿದಳು. ವಕಾರ್ ತಾನೊಬ್ಬನೇ ಇಳಿದರೆ ಸಾಕಾದೀತೇನೋ ಎಂದು ಬಾಗಿಲಿಗೆ ಕೈ ಹಾಕಿದ.

"ನೀವು ಕೂತಿರಿ" ಎಂದಳು ಗಂಡನಿಗೆ. ಆಮೇಲೆ ಕನ್ನಡಿಯಲ್ಲಿ ಮಾವನನ್ನು ನೋಡಿದಳು. "ಮಾಮೂ, ಇಳೀರಿ."

ಆರು ವರ್ಷದ ಹಿಂದೆ ಅವಳು 'ಇಳೀತೀರಾ' ಎಂದು ಕೇಳಿದ್ದಳು. ಇವತ್ತು ಕೇಳಲಿಲ್ಲ, ಹೇಳಿದಳು.

ಟೀ ಅಂಗಡಿಯವರೆಲ್ಲ ಲೋಟ ಹಿಡಿದು ನೋಡುತ್ತಿದ್ದರು. ನಸೀರ್ ಸಾಹೇಬರು ಬಾಗಿಲು ತೆಗೆದು, ಶೇರವಾನಿಯ ಚುಂಗು ಎತ್ತಿ ಹಿಡಿದು ಇಳಿದರು. ಕಾರು ಓರೆಯಾಗಿ ಹತ್ತಿ, ಎಲ್ಲೂ ಉಜ್ಜದೆ, ಆಚೆ ಇಳಿಯಿತು. ತಹಸೀನ್ ಅಲ್ಲೇ ನಿಲ್ಲಿಸಲಿಲ್ಲ. ಇನ್ನೂ ಇಪ್ಪತ್ತು ಹೆಜ್ಜೆ ಮುಂದೆ, ಒಳ್ಳೆಯ ಡಾಂಬರು ಶುರುವಾಗುವ ಕಡೆ ನಿಲ್ಲಿಸಿ, ಇಂಜಿನ್ ಆರಿಸದೆ ಕಾದಳು.

ನಸೀರ್ ಸಾಹೇಬರು ಅಷ್ಟು ದೂರವೂ ನಡೆದು ಬಂದರು.